ನಾರ್ಬ್ ಜೇಡಿನ್‌ನ ಬಾಯಿಗುಣ

ಆ ಗುರುವಾರ ಬೆಳಿಗ್ಗೆ ನಾರ್ಬರ್ಟ್ ಜೇಡಿನ್ ಮಾಡಿದ ತಪ್ಪು ಒಂದೇ. ಎಮಿಲ್‌ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಕುಳಿತಿದ್ದವನು, ಗೋಡೆಯ ಮೇಲಿನ ಟಿವಿ ನೋಡಿ ಮುಗುಳ್ನಕ್ಕುಬಿಟ್ಟ.

ಬೇರೆ ಯಾರು ನಕ್ಕಿದ್ದರೂ ಯಾಕೆಂದು ಕೇಳುವವರಿರಲಿಲ್ಲ. ನಕ್ಕವನು ನಾರ್ಬ್. ಅದೂ ಡ್ರಾಫ್ಟಿನ ದಿನ.

ಚೆಂಡನ್ನು ಕೈಯಲ್ಲಿ ಹಿಡಿದು ಎಸೆದು ಆಡುವ ನಮ್ಮ ಅಮೆರಿಕದ ಫುಟ್‌ಬಾಲನ್ನು ಕಾಲೇಜಿನಲ್ಲಿ ಆಡಿ ಹೆಸರು ಮಾಡಿದ ಹುಡುಗರನ್ನು ದೇಶದ ದೊಡ್ಡ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಸಂಜೆ ಅದು. ನಮ್ಮ ಸೇಂಟ್ ಹ್ಯೂಬರ್ಟಿನಲ್ಲಿ ಕ್ರಿಸ್‌ಮಸ್ಸಿಗೆ ಚರ್ಚಿಗೆ ಬಾರದವರು ಇದ್ದಾರೆ, ಡ್ರಾಫ್ಟಿನ ಸಂಜೆ ಚರ್ಚಿನ ಸಭಾಂಗಣಕ್ಕೆ ಬಾರದವರಿಲ್ಲ. ಒಳಗೆ ದೊಡ್ಡ ಪರದೆ. ಹೊರಗೆ ಅಂಗಳದಲ್ಲಿ, ಆಳುದ್ದದ ಕಬ್ಬಿಣದ ಹಂಡೆಯಲ್ಲಿ ಬೂಯಾ. ಕೋಳಿ, ದನದ ಮಾಂಸ, ಆಲೂಗಡ್ಡೆ, ಎಲೆಕೋಸು ಎಲ್ಲವನ್ನೂ ಬೆಳಗಿನಿಂದ ಕುದಿಸಿ ಕುದಿಸಿ, ಯಾವುದು ಯಾವುದೆಂದು ಅವಕ್ಕೇ ಮರೆತುಹೋಗುವಂತೆ ಮಾಡಿದರೆ ಅದು ಬೂಯಾ. ಆ ಹಂಡೆ ಕದಡುವ ಮರದ ಹುಟ್ಟು ಅಪ್ಪನ ಕೈಯಿಂದ ನಾರ್ಬ್‌ನ ಕೈಗೆ ಬಂದದ್ದು. ಅವನ ಕೈಗುಣದ ಬಗ್ಗೆ ಊರಿನಲ್ಲಿ ಯಾರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಬಾಯಿಗುಣದ ಬಗ್ಗೆ.

ನಾರ್ಬ್ ಯಾವ ಹುಡುಗನನ್ನು ಹೊಗಳಿದನೋ ಆ ಹುಡುಗ ಕೆಟ್ಟ ಎಂದೇ ಲೆಕ್ಕ. ಒಂದು ವರ್ಷ ಒಬ್ಬನನ್ನು ನೋಡಿ "ಜಿಂಕೆ ಓಡಿದ ಹಾಗೆ ಓಡ್ತಾನೆ" ಎಂದ. ಆ ಜಿಂಕೆ ನಮ್ಮ ತಂಡ ಸೇರಿದ ವಾರವೇ ಸ್ನಾನದ ಮನೆಯಲ್ಲಿ ಜಾರಿ ಮಂಡಿ ಮುರಿದುಕೊಂಡಿತು. ಮರುವರ್ಷ ಇನ್ನೊಬ್ಬನನ್ನು "ಇವನು ಹಿಡಿದ ಚೆಂಡು ಬಿಡೋನಲ್ಲ" ಎಂದ. ಅವನು ಚೆಂಡು ಬಿಡಲಿಲ್ಲ, ನಿಜ. ಆಟವನ್ನೇ ಬಿಟ್ಟು ಜೇನು ಸಾಕುವುದಕ್ಕೆ ಹೋದ. ಆಟಗಾರರ ಮಾತು ಹಾಗಿರಲಿ, ಫಾದರ್ ಟಿಮ್ಮರ್ಸ್ ಅವರ ಈಸ್ಟರ್ ಪ್ರವಚನ ಚೆನ್ನಾಗಿತ್ತು ಎಂದು ಕೈ ಕುಲುಕಿದ್ದಕ್ಕೆ ಮುಂದಿನ ಭಾನುವಾರ ಫಾದರ್‌ಗೆ ಗಂಟಲೇ ಕಟ್ಟಿಹೋಯಿತು. ಕೆಟ್ಟದ್ದು ನುಡಿದು ಕೆಡಿಸುವ ಕರಿನಾಲಿಗೆಯವರು ಎಲ್ಲ ಊರಲ್ಲೂ ಇರುತ್ತಾರೆ. ಒಳ್ಳೆಯದು ನುಡಿದೇ ಕೆಡಿಸುವವನು ನಮ್ಮೂರಿಗೊಬ್ಬನೇ.

ಇದರಿಂದ ಹೆಚ್ಚು ನೊಂದವನು ನಾರ್ಬ್. ಸ್ವಭಾವತಃ ಅವನು ಹೊಗಳುವ ಮನುಷ್ಯ. ಚಳಿಗಾಲದಲ್ಲಿ ಹಿಮ ತಳ್ಳುವ ಸರ್ಕಾರಿ ಲಾರಿ ಓಡಿಸುತ್ತಿದ್ದ. ಆ ಕೆಲಸದಲ್ಲಿ ರಸ್ತೆ ತೆರವು ಮಾಡಿದ್ದು ಯಾರಿಗೂ ಕಾಣುವುದಿಲ್ಲ, ತಳ್ಳಿದ ಹಿಮ ತಮ್ಮ ಮನೆಯ ಗೇಟಿನ ಮುಂದೆ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಬೈಗುಳ ತಿಂದೇ ಕೂದಲು ನರೆತಿತ್ತು. ಸದ್ಯಕ್ಕೆ ಆ ಕೂದಲು ಎಮಿಲ್‌ನ ಕತ್ತರಿಯ ಕೆಳಗಿತ್ತು.

"ಯಾರನ್ನ ನೋಡಿ ನಕ್ಕೆ?" ಎಂದ ಎಮಿಲ್. ಕತ್ತರಿ ನಿಂತಿತ್ತು.

"ನಗಲಿಲ್ಲ ಕಣೋ. ಸೋಪಿನ ನೊರೆ ಮೂಗಿಗೆ ಹೋಯ್ತು."

"ನಾನಿನ್ನೂ ನೊರೆ ಹಚ್ಚೇ ಇಲ್ಲ."

ಟಿವಿಯಲ್ಲಿ ಆಗ ಒಂದಾದ ಮೇಲೊಂದು ಮೂರು ಮುಖ ಬಂದು ಹೋಗಿದ್ದವು. ಮೊದಲನೆಯದು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಹ್ಯಾಲಿಡೇ. ಎರಡನೆಯದು ಎದುರಾಳಿಯ ಕ್ವಾರ್ಟರ್‌ಬ್ಯಾಕನ್ನು ಅಟ್ಟಿ ಕೆಡವುವ ಡೆಕರ್ ಮೂಡಿ. ಮೂರನೆಯದು, ತನ್ನ ಕ್ವಾರ್ಟರ್‌ಬ್ಯಾಕಿನ ಮುಂದೆ ಗೋಡೆಯಂತೆ ನಿಂತು ಕಾಯುವ ಏಮಸ್ ಗಿಡ್ರಿ. ನಗು ಮೂಡಿದ್ದು ಈ ಮೂವರಲ್ಲಿ ಯಾರ ಮುಖಕ್ಕೆ ಎಂಬುದು ಈಗ ಊರಿನ ಪ್ರಶ್ನೆಯಾಯಿತು.

"ಹ್ಯಾಲಿಡೇ ಅಂತ ಮಾತ್ರ ಹೇಳ್ಬೇಡ," ಎಂದ ಎಮಿಲ್. "ಅವನು ನಮಗೆ ಬೇಕು. ಎಂಥ ತೋಳು, ಎಂಥ ಕಣ್ಣು! ಅಂಗೈ ಹತ್ತೂವರೆ ಇಂಚು ಅಂತೆ."

"ಅಂಗೈ ಅಳೆದು ಹುಡುಗನ್ನ ಆರಿಸೋಕೆ ನಿಂದೇನು ಕೈಗವಸಿನ ಅಂಗಡಿನಾ?" ಎಂದ ಬೆಂಚಿನ ಮೇಲೆ ಕಾಯುತ್ತಿದ್ದ ಲಿರಾಯ್. ಚೀಸ್ ಕಾರ್ಖಾನೆಯ ಲಿರಾಯ್ ಎಮಿಲ್‌ನ ಭಾವಮೈದುನ. ಅವನಿಗೂ ಹ್ಯಾಲಿಡೇಯೇ ಬೇಕಿತ್ತು, ಆದರೆ ಎಮಿಲ್ ಹೇಳಿದ ಕಾರಣಕ್ಕೆ ಬೇಕಿರಲಿಲ್ಲ. "ಮೊನ್ನೆ ಓಟದ ಪರೀಕ್ಷೇಲಿ ನೋಡ್ದೆ. ಅವನ ಕಾಲು ನೋಡು, ಕಾಲು!"

"ಕಾಲು ಕಟ್ಕೊಂಡು ಏನು ಮಾಡ್ತೀಯ? ಚೆಂಡು ಕಾಲಲ್ಲಿ ಎಸೀತಾನಾ?"

ಹೆಣ್ಣು ನೋಡಲು ಹೋದವರೂ ಇಷ್ಟು ಅಳತೆ ಕೇಳುವುದಿಲ್ಲ. ಎತ್ತರ, ತೂಕ, ತೋಳಿನ ಉದ್ದ, ಅಜ್ಜನ ಕಾಯಿಲೆಗಳವರೆಗೂ ಮಾತು ಬೆಳೆಯಿತು. ಈ ಗದ್ದಲದಲ್ಲಿ ತನ್ನನ್ನು ಮರೆತರು ಎಂದು ನಾರ್ಬ್ ಉಸಿರು ಬಿಟ್ಟ. ಮರೆತಿರಲಿಲ್ಲ.

"ಗಿಡ್ರೀನಾ?" ಎಂದ ಎಮಿಲ್, ಥಟ್ಟನೆ ಕನ್ನಡಿಯೊಳಗಿಂದ ಕಣ್ಣಿಟ್ಟು. "ಹಾಗೇನಾದ್ರೂ ಆಗಿದ್ರೆ ನಿನ್ನ ದೇವರು ಕ್ಷಮಿಸಲ್ಲ. ಹೋದ ವರ್ಷ ನಮ್ಮ ಕ್ವಾರ್ಟರ್‌ಬ್ಯಾಕ್ ನಿಂತಿದ್ದಕ್ಕಿಂತ ಮಲಗಿದ್ದೇ ಜಾಸ್ತಿ. ಆ ಹುಡುಗ ಸಿಕ್ಕಿದ್ರೆ ಊರಿಗೇ ಹಬ್ಬ. ನಮ್ಮ ಸರದಿವರೆಗೂ ಉಳಿಯೋನಲ್ಲ, ಅದು ಬೇರೆ ಮಾತು."

ನಾರ್ಬ್‌ನ ಕಿವಿ ಕೆಂಪಾಯಿತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಮುಖವೂ ಕೆಂಪಾಗಿ ಗುಟ್ಟು ರಟ್ಟಾಗುತ್ತಿತ್ತು.

"ಹ್ಯಾಲಿಡೇ!" ಎಂದು ಕೂಗಿಬಿಟ್ಟ. "ನಕ್ಕಿದ್ದು ಹ್ಯಾಲಿಡೇನ ನೋಡಿ! ಒಳ್ಳೇ ಹುಡುಗ. ಬಹಳ ಒಳ್ಳೇ ಹುಡುಗ."

ಎಮಿಲ್ ಕತ್ತರಿ ಕೆಳಗಿಟ್ಟ. ಬಿಳಿ ಬಟ್ಟೆ ಬಿಚ್ಚಿ ಕೊಡವಿದ.

"ಏಳು. ಹೊರಡು."

"ಇನ್ನೂ ಅರ್ಧ ತಲೆ ಬಾಕಿ ಇದೆಯಲ್ಲೋ."

"ನಂದು ಪೂರ್ತಿ ಹೋಯ್ತಲ್ಲ," ಎಂದ ಎಮಿಲ್, ಬಾಗಿಲು ತೋರಿಸಿ.

ಹೀಗೆ ನಾರ್ಬ್ ಬೀದಿಗೆ ಬಂದಾಗ ತಲೆಯ ಎಡಭಾಗ ಕೊಯ್ದ ಗದ್ದೆ, ಬಲಭಾಗ ನಿಂತ ಪೈರು. ಟೊಪ್ಪಿ ಒಳಗೇ ಉಳಿದಿತ್ತು. ಹೋಗಿ ಕೇಳುವ ಧೈರ್ಯವಾಗಲಿಲ್ಲ.

ಹೆಂಡತಿ ಡಾರ್ಲೀನ್ ಬೆಳಿಗ್ಗೆ ಎರಡು ಮಾತು ಹೇಳಿ ಕಳಿಸಿದ್ದಳು. ತಲೆ ಸರಿ ಮಾಡಿಸಿಕೊಂಡು ಬಾ, ಬರುವಾಗ ಬೆವ್‌ಳ ಹೋಟೆಲಿನಿಂದ ಬೂಯಾ ಜೊತೆಗೆ ತಿನ್ನುವ ಬಿಸ್ಕತ್ತಿನ ಡಬ್ಬಗಳನ್ನು ತಾ. ಅಲ್ಲಿಯವರೆಗೆ ಹಂಡೆಯ ಮುಂದೆ ತಾನು ನಿಲ್ಲುತ್ತೇನೆ. ಮೊದಲನೆಯದು ಅರ್ಧವಾಗಿತ್ತು, ಎರಡನೆಯದನ್ನಾದರೂ ಪೂರ್ತಿ ಮಾಡೋಣವೆಂದು ನಾರ್ಬ್ ಬೆವ್‌ಳ ಹೋಟೆಲಿಗೆ ನಡೆದ. ಅವನ ಕಾಲಿಗಿಂತ ಎಮಿಲ್‌ನ ಫೋನು ಚುರುಕು. ಬಾಗಿಲು ತೆಗೆಯುತ್ತಲೇ ಬೆವ್ ಕಟ್ಟೆಯ ಹಿಂದಿನಿಂದ ಎರಡೂ ಕೈ ಚಾಚಿದಳು.

"ಬಾರಪ್ಪ ಬಾ, ನನ್ನ ರಾಜ! ಹ್ಯಾಲಿಡೇನ ಹೊಗಳಿದ್ಯಂತೆ? ದೇವರು ನಿನ್ನ ನಾಲಿಗೆ ತಣ್ಣಗಿಡಲಿ. ಈ ಎಸೆಯೋರನ್ನ ಕಟ್ಕೊಂಡು ಸಾಕಾಯ್ತು ನಮಗೆ. ಇನ್ನು ಮೂಡೀನೇ ನಮ್ಮವನು."

ಬೆವ್‌ಗೆ ಡೆಕರ್ ಮೂಡಿ ಬೇಕಿದ್ದದ್ದು ಅವನು ಒಂದೇ ಕೂತಿನಲ್ಲಿ ಎಷ್ಟು ಸಾಸೇಜು ತಿನ್ನುತ್ತಾನೆಂದು ಎಲ್ಲೋ ಕೇಳಿದ ಮೇಲೆ. ಉಂಡ ಮೈ ಮೋಸ ಮಾಡುವುದಿಲ್ಲ ಎಂಬುದು ಅವಳ ಶಾಸ್ತ್ರ. ನಾರ್ಬ್ ಕೂರುವ ಮೊದಲೇ ಅವನ ಮುಂದೆ ಒಂದು ಲೋಟ ಬ್ರಾಂದಿ, ಕರಿದ ಚೀಸ್ ಉಂಡೆಗಳ ತಟ್ಟೆ ಬಂದವು. ಬೆಳಗಿನಿಂದ ಯಾರೂ ಇಷ್ಟು ಪ್ರೀತಿಯಿಂದ ಮಾತಾಡಿಸಿರಲಿಲ್ಲ. ಒಂದು ಉಂಡೆ ಬಾಯಿಗಿಟ್ಟುಕೊಂಡ.

ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಿತ್ತು. ಲಿರಾಯ್ ಅವನ ಹಿಂದೆಯೇ ಬಂದಿದ್ದ. ಜೊತೆಗೆ ಹ್ಯಾಲಿಡೇ ಪಕ್ಷದವರು ನಾಲ್ಕೈದು ಜನ.

"ನಾರ್ಬ್, ನಾವು ಒಂದೇ ಶಾಲೇಲಿ ಓದಿದೋರು," ಎಂದ ಲಿರಾಯ್. ಕಣ್ಣು ತುಂಬಿತ್ತು. "ನಿಮ್ಮಪ್ಪ ಹೋದಾಗ ಶವಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟಿದೀನಿ. ಆ ಮಾತು ಹಿಂದಕ್ಕೆ ತಗೋ."

ಅಪ್ಪನ ಹೆಸರು ತೆಗೆದರೆ ನಾರ್ಬ್ ಕರಗಿಹೋಗುತ್ತಿದ್ದ. "ಸರಿ ಬಿಡು, ಹ್ಯಾಲಿಡೇ ಅಲ್ಲ. ಬಾಯಿ ತಪ್ಪಿ ಬಂತು. ನಾನು ನಕ್ಕಿದ್ದು ಮೂಡೀನ ನೋಡಿ."

ಕಟ್ಟೆಯ ಮೇಲಿದ್ದ ತಟ್ಟೆ ಹಿಂದಕ್ಕೆ ಸರಿಯಿತು. ಲೋಟವೂ ಸರಿಯಿತು. ಬೆವ್ ಅವನ ಉಬ್ಬಿದ ಕೆನ್ನೆಯನ್ನು ನೋಡಿದಳು.

"ಅದನ್ನೂ ಉಗಿ," ಎಂದಳು.

"ನುಂಗ್ಬಿಟ್ಟೆ ಬೆವ್."

"ದಕ್ಕದೇ ಹೋಗ್ಲಿ. ಒಂದು ಬಾಯಲ್ಲಿ ಇಬ್ಬರನ್ನ ತಿಂದ್ಯಲ್ಲೋ!"

ಒಬ್ಬರನ್ನು ಒಲಿಸಲು ಹೋಗಿ ಇಬ್ಬರನ್ನೂ ಕಳೆದುಕೊಂಡದ್ದು ಸಾಲದು ಎಂಬಂತೆ, ಲಿರಾಯ್ ಯೋಚಿಸತೊಡಗಿದ. ಅವನು ಯೋಚಿಸುವುದು ಅಪರೂಪ, ಯೋಚಿಸಿದರೆ ಅಪಾಯ.

"ಎಮಿಲ್ ಹತ್ರ ಒಂದು ಹೆಸರು ಹೇಳ್ದೆ, ಇಲ್ಲೊಂದು ಹೇಳ್ದೆ. ಅಂದ್ರೆ ಎರಡೂ ಸುಳ್ಳು," ಎಂದ ನಿಧಾನವಾಗಿ. "ಟಿವಿಲಿ ಬಂದಿದ್ದು ಮೂರು ಜನ..."

ಮುಂದಿನ ಮಾತು ಕೇಳಲು ನಾರ್ಬ್ ಅಲ್ಲಿರಲಿಲ್ಲ. ಬಿಸ್ಕತ್ತಿನ ಡಬ್ಬ ಅಲ್ಲೇ ಬಿಟ್ಟು, ಅರ್ಧ ತಲೆಗೂದಲು ಹಾರಿಸಿಕೊಂಡು ಓಡಿದ್ದ.

ಓಡಿ ಹೋದದ್ದು ಚರ್ಚಿಗೆ. ಫಾದರ್ ಟಿಮ್ಮರ್ಸ್ ಸಭಾಂಗಣದಲ್ಲಿ ಏಣಿ ಹತ್ತಿ ಪರದೆ ಕಟ್ಟುತ್ತಿದ್ದರು. ಪಾದ್ರಿಯ ಉಡುಪಿನ ಮೇಲೆ ನಮ್ಮ ತಂಡದ ಹಸಿರು ಶಾಲು ಹೊದ್ದಿದ್ದರು.

"ಫಾದರ್, ಪಾಪನಿವೇದನೆ ಮಾಡ್ಬೇಕು."

"ಶನಿವಾರ ಬಾರಪ್ಪ. ಇವತ್ತು ಪಾಪಕ್ಕೆ ಪುರುಸೊತ್ತಿಲ್ಲ."

"ಶನಿವಾರದವರೆಗೆ ಹೊಟ್ಟೇಲಿ ಇಟ್ಕೊಳ್ಳೋಕೆ ಆಗಲ್ಲ ಫಾದರ್. ಒಬ್ಬ ಹುಡುಗನ ಬಾಳಿನ ಪ್ರಶ್ನೆ."

ಫಾದರ್ ಅವನ ಮುಖ ನೋಡಿದರು, ತಲೆ ನೋಡಿದರು, ಏಣಿ ಇಳಿದರು. ನಿವೇದನೆಯ ಕಿರುಕೋಣೆಯಲ್ಲಿ ಜಾಲರಿಯ ಆಚೆ ಅವರು, ಈಚೆ ನಾರ್ಬ್.

ಹೋದ ಡಿಸೆಂಬರಿನಲ್ಲಿ, ದೊಡ್ಡ ಹಿಮ ಬಿದ್ದ ಮಧ್ಯಾಹ್ನ, ನಾರ್ಬ್‌ನ ಲಾರಿ ರಸ್ತೆ ಬಿಟ್ಟು ಹಳ್ಳಕ್ಕೆ ಜಾರಿತ್ತು. ಅವನು ಆಗಷ್ಟೇ ತೆರವು ಮಾಡಿದ್ದ ರಸ್ತೆಯಲ್ಲಿ ಊರಿನವರೆಲ್ಲ ಕೈಬೀಸಿ ಹೋದರು. ಎಮಿಲ್ ಹಾರ್ನ್ ಹೊಡೆದು ನಕ್ಕುಕೊಂಡು ಹೋದ. ಕೊನೆಗೆ ಒಂದು ಚಿಕ್ಕ ಕಾರು ನಿಂತಿತು. ಅದರಿಂದ ಒಬ್ಬ ಹುಡುಗ ಇಳಿದ. ಇಳಿದನೋ ಕಾರನ್ನೇ ಕಳಚಿ ಹೊರಬಂದನೋ ಹೇಳುವುದು ಕಷ್ಟ, ಅಂಥ ಗಾತ್ರ. ಲೂಯಿಸಿಯಾನದ ಸೆಕೆಯ ನಾಡಿನವನು, ಗೆಳೆಯನ ಮನೆಗೆ ಹಬ್ಬಕ್ಕೆ ಹೊರಟಿದ್ದ, ಸಲಿಕೆ ಹೇಗೆ ಹಿಡಿಯುವುದೆಂದೂ ಗೊತ್ತಿರಲಿಲ್ಲ. ಹಿಡಿದ ಮೇಲೆ ಬಿಡಲಿಲ್ಲ. ಚಕ್ರಗಳ ಸುತ್ತ ತೋಡಿ, ಮರಳು ಚೆಲ್ಲಿ, ಲಾರಿಗೆ ಬೆನ್ನು ಕೊಟ್ಟು ನೂಕಿ ಮೇಲೆ ತಂದ.

"ಆಮೇಲೆ ನನ್ನ ಕೈ ಹಿಡ್ಕೊಂಡು, 'ನಿಮ್ಮಿಂದ ತಾನೇ ಸರ್ ಎಲ್ಲರೂ ಮನೆ ಸೇರೋದು, ಥ್ಯಾಂಕ್ಸ್' ಅಂದ ಫಾದರ್. ಅವನು ನನಗೆ ಥ್ಯಾಂಕ್ಸ್ ಹೇಳ್ದ! ಇಷ್ಟು ವರ್ಷ ಹಿಮ ತಳ್ಳಿದೀನಿ, ಯಾರೊಬ್ಬರೂ..." ನಾರ್ಬ್ ತೋಳಿನಿಂದ ಮೂಗೊರೆಸಿಕೊಂಡ. "ಜನವರೀಲಿ ಟಿವಿ ಹಾಕಿದ್ರೆ ಅದೇ ಹುಡುಗ. ಏಮಸ್ ಗಿಡ್ರಿ."

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. ಫಾದರ್‌ಗೂ ಡ್ರಾಫ್ಟಿನಲ್ಲಿ ಒಂದು ಮೊರೆ ಇತ್ತು, ಅದನ್ನು ಅವರು ಬೆಳಗಿನ ಪ್ರಾರ್ಥನೆಯಲ್ಲೇ ಮೇಲಕ್ಕೆ ಮುಟ್ಟಿಸಿದ್ದರು. ಅದರ ಹೆಸರೂ ಏಮಸ್ ಗಿಡ್ರಿಯೇ.

"ನಾರ್ಬರ್ಟ್," ಎಂದರು, ದನಿ ಇಳಿಸಿ. "ನೀನು ಆ ಹುಡುಗನ್ನ ಹೊಗಳಿಲ್ಲ ತಾನೇ? ಯಾರ ಮುಂದೇನೂ?"

"ಇಲ್ಲ ಫಾದರ್. ಡಾರ್ಲೀನ್ ಮುಂದೂ ಇಲ್ಲ. ಅವತ್ತು ಮಾತ್ರ, ಫ್ಲಾಸ್ಕಿನಲ್ಲಿದ್ದ ಬೂಯಾ ಕುಡಿಸಿ, ಏನೋ ಒಂದು ಮಾತಾಡ್ದೆ, ಅವನಿಗೇ. ಆಗ ಅವನ್ಯಾರು ಅಂತ ಗೊತ್ತೇ ಇರಲಿಲ್ಲ. ಹೆಸರು ಗೊತ್ತಿಲ್ದೆ ಹೊಗಳಿದ್ರೆ ಲೆಕ್ಕಕ್ಕಿಲ್ಲ, ಅಲ್ವಾ ಫಾದರ್?"

ಫಾದರ್ ಜಾಲರಿಗೆ ಮುಖ ಹತ್ತಿರ ತಂದರು.

"ದೇವರ ಲೆಕ್ಕದಲ್ಲಿ ಇಲ್ಲ," ಎಂದರು. "ಎಮಿಲ್ ಲೆಕ್ಕದಲ್ಲಿ ಹೇಳೋಕಾಗಲ್ಲ."

"ನನ್ನಿಂದ ಅವನಿಗೆ ಕೆಟ್ಟದ್ದಾಗಬಾರದು ಫಾದರ್. ಅವನು ಯಾವ ತಂಡಕ್ಕಾದ್ರೂ ಹೋಗ್ಲಿ. ಚೆನ್ನಾಗಿರಲಿ ಅಷ್ಟೆ."

"ಹಾಗಾದ್ರೆ ಇದು ನಿನ್ನ ಪ್ರಾಯಶ್ಚಿತ್ತ. ಹೋಗಿ ಹಂಡೆ ಕದಡು. ಅದರಿಂದ ಒಂದು ಆಲೂಗಡ್ಡೆ ತಗೊಂಡು ಬಾಯಲ್ಲಿಟ್ಕೋ. ಡ್ರಾಫ್ಟಿನ ಮೊದಲ ಸುತ್ತು ಮುಗಿಯೋವರೆಗೆ ನುಂಗಬಾರದು, ಉಗೀಬಾರದು, ಮಾತಾಡಬಾರದು."

ಹೊರಗೆ ಬಂದಾಗ ಬಾಗಿಲಲ್ಲಿ ಎಮಿಲ್, ಬೆವ್, ಲಿರಾಯ್ ಮೂವರೂ ನಿಂತಿದ್ದರು. ನಿವೇದನೆಯ ಗುಟ್ಟನ್ನು ಫಾದರ್ ಪ್ರಾಣ ಹೋದರೂ ಹೇಳುವಂತಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

"ಯಾರೋ ನಮಗೆ ಬೇಕಾದವನೇ," ಎಂದು ಬೆವ್ ನಿಟ್ಟುಸಿರು ಬಿಟ್ಟಳು.

ಡಾರ್ಲೀನ್ ಹಂಡೆಯ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಡಿಯಲ್ಲೇ ನೋಟ ನಿಂತಿತು.

"ಇದೇನು ಅವತಾರ? ಬಿಸ್ಕತ್ತೆಲ್ಲಿ?"

ನಾರ್ಬ್ ಹಂಡೆಯಿಂದ ಒಂದು ಆಲೂಗಡ್ಡೆ ಎತ್ತಿ, ಊದಿ, ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ಬಂತು. ಹುಟ್ಟು ಹಿಡಿದು ಕದಡತೊಡಗಿದ.

"ಕೇಳ್ತಾ ಇದೀನಿ!"

"ಊಂ," ಎಂದ ನಾರ್ಬ್. ಮದುವೆಯಾದ ಮೇಲೆ ಮೊದಲ ಬಾರಿಗೆ ಡಾರ್ಲೀನ್‌ಗೆ ಕೊನೆಯ ಮಾತು ತನ್ನದಾದದ್ದರಲ್ಲಿ ಏನೂ ಖುಷಿಯಾಗಲಿಲ್ಲ.

ಸಂಜೆ ಸಭಾಂಗಣ ಕಿಕ್ಕಿರಿಯಿತು. ನಾರ್ಬ್‌ನನ್ನು ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದರು. ಎಡಕ್ಕೆ ಎಮಿಲ್, ಬಲಕ್ಕೆ ಬೆವ್, ಕಳ್ಳನನ್ನು ಕರೆತಂದ ಪೊಲೀಸರ ಹಾಗೆ. ಆಲೂಗಡ್ಡೆ ಕೆನ್ನೆಯಿಂದ ಕೆನ್ನೆಗೆ ಹೊರಳುತ್ತಿತ್ತು.

ಪರದೆಯ ಮೇಲೆ ಒಂದೊಂದೇ ತಂಡ ಒಂದೊಂದೇ ಹೆಸರು ಹೇಳಿತು. ನಮ್ಮ ಹಳೆಯ ಹಗೆಗಳಾದ ಷಿಕಾಗೋದವರ ಸರದಿ ಬಂದಾಗ ಕೇಳಿದ ಹೆಸರು ಟ್ರೆಂಟ್ ಹ್ಯಾಲಿಡೇ.

ಎಮಿಲ್ ತಲೆಯ ಮೇಲೆ ಕೈಹೊತ್ತ. ಅರೆಕ್ಷಣ ಅಷ್ಟೆ. ಅವನ ಮುಖದಲ್ಲಿ ಬೆಳಕು ಮೂಡಿತು. "ತಡಿ, ತಡಿ. ನಾರ್ಬ್ ಹೊಗಳಿದ್ದ ಹುಡುಗ... ಈಗ ಷಿಕಾಗೋದವರ ಪಾಲು!"

ಸಭಾಂಗಣ ಒಂದು ಸಲ ಉಸಿರೆಳೆದು, ಮರುಕ್ಷಣ ಹೋ ಎಂದಿತು. ಸ್ವಲ್ಪ ಹೊತ್ತಿಗೆ ಡೆಕರ್ ಮೂಡಿಯನ್ನು ನಮ್ಮ ಇನ್ನೊಂದು ಹಗೆಯಾದ ಮಿನ್ನೆಸೋಟದವರು ಎತ್ತಿಕೊಂಡಾಗ ಬೆವ್ ನಾರ್ಬ್‌ನ ಅರ್ಧ ಬೋಳು ತಲೆಗೆ ಮುತ್ತಿಟ್ಟಳು.

"ಅವನ ಸಾಸೇಜಿಗೆ ಅವರೇ ದುಡ್ಡು ಕೊಡಲಿ! ನಮ್ಮಪ್ಪ, ನಿನ್ನ ಬಾಯಿ ಬಂಗಾರ ಕಣೋ. ಇನ್ನೂ ಯಾರನ್ನಾದ್ರೂ ಹೊಗಳಬೇಕಿತ್ತು!"

ನಾರ್ಬ್‌ಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಅವನ ಕಣ್ಣು ಪರದೆಯ ಮೂಲೆಯಲ್ಲಿತ್ತು. ಅಲ್ಲಿ ಆಗಾಗ ಏಮಸ್ ಗಿಡ್ರಿಯನ್ನು ತೋರಿಸುತ್ತಿದ್ದರು. ಪಕ್ಕದಲ್ಲಿ ನೇರಳೆ ಟೊಪ್ಪಿಯ ಅಜ್ಜಿ. ಮೊದಲೇ ಹೋಗಬೇಕಿದ್ದ ಹುಡುಗನನ್ನು ಒಂದು ತಂಡ ಬಿಟ್ಟಿತು. ಇನ್ನೊಂದು ಬಿಟ್ಟಿತು. ತೋಳು ಗಿಡ್ಡವಂತೆ, ಆಡಿದ ಕಾಲೇಜು ಸಣ್ಣದಂತೆ, ಪರದೆಯ ಪಂಡಿತರು ಒಬ್ಬೊಬ್ಬರೂ ಒಂದೊಂದು ಕುಂದು ಹುಡುಕಿದರು. ಹುಡುಗ ನಗುತ್ತಲೇ ಇದ್ದ, ಆದರೆ ಅಜ್ಜಿ ಅವನ ಕೈ ಹಿಡಿದುಕೊಂಡಿದ್ದಳು.

ನನ್ನಿಂದಲೇ, ಎಂದುಕೊಂಡ ನಾರ್ಬ್. ಅವತ್ತಿನ ಆ ಒಂದು ಮಾತು. ಉಪಕಾರ ಮಾಡಿದ ಕೈಗೆ ನಾನು ಕೊಟ್ಟ ಕೂಲಿ ಇದು. ಆಲೂಗಡ್ಡೆ ಇಲ್ಲದಿದ್ದರೆ ಅವನು ಗಟ್ಟಿಯಾಗಿ ಅತ್ತುಬಿಡುತ್ತಿದ್ದ. ಹಿಂದೆ ನಿಂತಿದ್ದ ಫಾದರ್ ಹಸಿರು ಶಾಲಿನ ಅಂಚನ್ನು ಕಚ್ಚಿಕೊಂಡಿದ್ದರು.

ನಮ್ಮ ಸರದಿ ಬಂತು. ವೇದಿಕೆಗೆ ಬಂದ ಮನುಷ್ಯ ಚೀಟಿ ನೋಡಿ, ಕೆಮ್ಮಿ, ಓದಿದ.

ಏಮಸ್ ಗಿಡ್ರಿ.

ಮುಂದಿನದನ್ನು ಯಾರೂ ಸರಿಯಾಗಿ ನೆನಪಿಟ್ಟಿಲ್ಲ. ಬೆಂಚುಗಳು ಉರುಳಿದವು. ಫಾದರ್ ಏಣಿಯನ್ನೇ ಅಪ್ಪಿಕೊಂಡರು. ನಾರ್ಬ್ ಆಲೂಗಡ್ಡೆಯನ್ನು ಇಡಿಯಾಗಿ ನುಂಗಿ ಉಸಿರುಗಟ್ಟಿ ನೀಲಿಯಾದ, ಲಿರಾಯ್ ಬೆನ್ನಿಗೆ ಗುದ್ದಿ ಬದುಕಿಸಿದ. ಆಮೇಲೆ ಅವನನ್ನೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು.

"ಮಹಾಜನಗಳೇ!" ಎಂದು ಎಮಿಲ್ ಬೆಂಚು ಹತ್ತಿದ. "ಈ ಮನುಷ್ಯ ಬೆಳಗಿನಿಂದ ನಮ್ಮ ಬೈಗುಳ ತಿಂದ. ಯಾಕೆ? ಷಿಕಾಗೋದವರ ತಲೆಗೆ ಹ್ಯಾಲಿಡೇನ ಕಟ್ಟೋಕೆ. ಮಿನ್ನೆಸೋಟದವರಿಗೆ ಮೂಡೀನ ಅಂಟಿಸೋಕೆ. ಗಿಡ್ರಿ ಬಗ್ಗೆ ಮಾತ್ರ, ಒಂದೇ ಒಂದು ಒಳ್ಳೇ ಮಾತು ಇವನ ಬಾಯಿಂದ ಬರಲಿಲ್ಲ! ನಾರ್ಬ್, ನಿನ್ನ ಋಣ ತೀರಿಸೋಕಾಗಲ್ಲ ಕಣೋ. ನಾಳೆ ಬಾ, ಉಳಿದ ಅರ್ಧ ಪುಕ್ಕಟೆ."

ಚಪ್ಪಾಳೆಯೋ ಚಪ್ಪಾಳೆ. ಡಾರ್ಲೀನ್ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ನಾರ್ಬ್‌ಗೆ ಊರಿನ ಮೇಲೆ, ದೇವರ ಮೇಲೆ, ಎಮಿಲ್‌ನ ಕತ್ತರಿಯ ಮೇಲೆ ಕೂಡ ಪ್ರೀತಿ ಉಕ್ಕಿತು. ಹುಡುಗ ಕ್ಷೇಮ. ತನ್ನ ನಾಲಿಗೆಯಿಂದ ಅವನಿಗೆ ಏನೂ ಆಗಲಿಲ್ಲ. ಅದಕ್ಕಿಂತ ಹೆಚ್ಚೇನು ಬೇಕು?

"ಶ್! ಮಾತಾಡ್ತಾನೆ, ಮಾತಾಡ್ತಾನೆ!" ಎಂದು ಯಾರೋ ಕೂಗಿದರು.

ಪರದೆಯ ಮೇಲೆ ಏಮಸ್ ಗಿಡ್ರಿ, ತಲೆಗೆ ನಮ್ಮ ತಂಡದ ಟೊಪ್ಪಿ, ಎದುರಿಗೆ ಮೈಕು. ಅಜ್ಜಿಗೆ ವಂದನೆ ಹೇಳಿದ. ಗುರುಗಳಿಗೆ ಹೇಳಿದ. ಆಮೇಲೆ ಸ್ವಲ್ಪ ನಾಚಿಕೊಂಡ.

"ಇನ್ನೊಬ್ಬರಿಗೆ ಹೇಳಬೇಕು. ಡಿಸೆಂಬರಲ್ಲಿ ನಾನು ಆಟಾನೇ ಬಿಟ್ಟುಬಿಡೋಣ ಅಂತಿದ್ದೆ. ಆಗ ಈ ತಂಡದ ಊರ ಕಡೆ ಒಬ್ಬರು ಹಿಮದ ಲಾರಿಯವರು ಸಿಕ್ಕಿದ್ರು. ಬಿಸಿ ಬೂಯಾ ಕೊಟ್ರು. ನಾನು ಯಾರು ಅಂತಾನೂ ಅವರಿಗೆ ಗೊತ್ತಿರಲಿಲ್ಲ. ನನ್ನ ಬೆನ್ನು ತಟ್ಟಿ, 'ನಿನ್ನಂಥ ಹುಡುಗನ್ನ ನಾನು ನೋಡೇ ಇಲ್ಲ. ನೀನು ನಿಂತ ಕಡೆ ಬೆಟ್ಟಾನೂ ಅಲ್ಲಾಡಲ್ಲ. ನಮ್ಮ ತಂಡಕ್ಕೆ ನಿನ್ನಂಥವನೊಬ್ಬ ಬೇಕು' ಅಂದ್ರು. ದಿನಾ ಅದನ್ನ ನೆನೆಸ್ಕೊಂಡೇ ಆಡ್ದೆ. ಅವರ ಕೋಟಿನ ಮೇಲೆ 'ನಾರ್ಬ್' ಅಂತ ಹೊಲಿದಿತ್ತು. ನಾರ್ಬ್ ಸರ್, ಕೇಳ್ತಿದ್ರೆ, ತುಂಬಾ ಥ್ಯಾಂಕ್ಸ್. ನಮ್ಮ ತಂಡದ ಮೈದಾನದಲ್ಲಿ ನಡೆಯೋ ಪ್ರತಿ ಆಟಕ್ಕೂ ನನ್ನ ಕಡೆಯಿಂದ ನಿಮಗೊಂದು ಸೀಟು. ಮೊದಲನೇ ಸಾಲು, ನನ್ನ ಬೆನ್ನ ಹಿಂದೇನೇ."

ಹೆಗಲ ಮೇಲಿದ್ದ ನಾರ್ಬ್ ನಿಧಾನವಾಗಿ ನೆಲಕ್ಕಿಳಿದ. ಇಳಿಸಿದವರು ಯಾರೆಂದು ತಿಳಿಯಲಿಲ್ಲ.

ಆ ಸೀಟೆಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ನಮ್ಮ ಕಡೆ ಮಗು ಹುಟ್ಟಿದರೆ ಮೊದಲು ಮೈದಾನದ ಸೀಟಿಗೆ ಕಾಯುವವರ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ, ಆಮೇಲೆ ಜ್ಞಾನಸ್ನಾನ. ನಾರ್ಬ್‌ನನ್ನು ಅಪ್ಪ ಹಾಗೆ ಸೇರಿಸಿದ್ದ. ಅಪ್ಪ ಹೋದ, ನಾರ್ಬ್ ಮುದುಕನಾದ, ಸರದಿ ಬಂದಿರಲಿಲ್ಲ. ಅಂಥ ಸೀಟು ಈಗ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಅವನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಹುಡುಗ ಮರೆತಿರಲಿಲ್ಲ. ಕೆಟ್ಟಿರಲೂ ಇಲ್ಲ. ಈ ಹಾಳು ಬಾಯಿಂದ ಒಬ್ಬನಿಗಾದರೂ ಒಳ್ಳೆಯದಾಗಿತ್ತು.

ಸಭಾಂಗಣದಲ್ಲಿ ಅಳುತ್ತಿದ್ದವನು ಅವನೊಬ್ಬನೇ. ಉಳಿದವರು ಸುಮ್ಮನೆ ಅವನನ್ನು ನೋಡುತ್ತಿದ್ದರು.

"ಬೆಟ್ಟಾನೂ ಅಲ್ಲಾಡಲ್ಲ ಅಂದ್ಯಾ?" ಎಂದ ಎಮಿಲ್. "ಅವನ ಮುಖಕ್ಕೇ?"

"ಹೆಸರು ಗೊತ್ತಿರಲಿಲ್ಲ ಕಣೋ. ಹೆಸರಿಲ್ಲದ್ದು ಲೆಕ್ಕಕ್ಕಿಲ್ಲ ಅಂತ ಫಾದರ್..."

ಎಲ್ಲರೂ ಫಾದರ್ ಕಡೆ ತಿರುಗಿದರು. ಫಾದರ್ ಪರದೆಯ ಗಂಟು ಬಿಚ್ಚುವುದರಲ್ಲಿ ಮಗ್ನರಾಗಿದ್ದರು.

"ಆದ್ರೂ ಹುಡುಗ ಕೆಟ್ಟಿಲ್ಲವಲ್ಲ," ಎಂದಳು ಡಾರ್ಲೀನ್. "ಕಾಲು ಸರಿಯಾಗಿದೆ, ಕೈ ಸರಿಯಾಗಿದೆ. ನಮಗೇ ಸಿಕ್ಕಿದಾನೆ. ಇನ್ನೇನು?"

ಲಿರಾಯ್ ಮತ್ತೆ ಯೋಚಿಸತೊಡಗಿದ್ದ. "ಹೊಗಳಿದ್ದು ನಿಜ. ಕೆಡಲಿಲ್ಲ ಅನ್ನೋದೂ ನಿಜ. ಅಂದ್ರೆ ಇವತ್ತು ಏನೋ ಒಂದು ಅಡ್ಡ ನಿಂತು ದೋಷ ಕಳೆದಿದೆ. ಬೇರೆ ದಿನ ಇಲ್ಲದ್ದು ಇವತ್ತೇನಿತ್ತು?"

ಎಲ್ಲರ ಕಣ್ಣೂ ಒಟ್ಟಿಗೆ ನಾರ್ಬ್‌ನ ತಲೆಯ ಮೇಲೆ ಬಿದ್ದವು. ಎಡಕ್ಕೆ ಬೋಳು, ಬಲಕ್ಕೆ ಪೈರು.

ಎಮಿಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ನನ್ನ ಕೈಯಿಂದಲೇ ಆದದ್ದು!" ಎಂದ ಭಕ್ತಿಯಿಂದ. "ನಾರ್ಬ್, ನಾಳೆ ಬರಬೇಡ. ಈ ಸಲದ ಆಟಗಳೆಲ್ಲ ಮುಗಿಯೋವರೆಗೆ ಆ ತಲೆ ಹಾಗೇ ಇರ್ಬೇಕು. ಎಡಗಡೆ ವಾರಕ್ಕೊಂದು ಸಲ ನಾನೇ ಮನೆಗೆ ಬಂದು ಬೋಳಿಸ್ತೀನಿ. ಬಲಗಡೆ ಯಾರೂ ಮುಟ್ಟಬಾರದು."

"ಟೊಪ್ಪಿ ಹಾಕ್ಕೊಳ್ಳಬಹುದಾ?" ಎಂದ ನಾರ್ಬ್.

"ಬೇಡ. ಗಾಳಿ ಆಡ್ಬೇಕು."

"ಮತ್ತೆ ಸೀಟು?"

ಇದಕ್ಕೆ ಮಾತ್ರ ಚರ್ಚೆ ಬೇಕಾಗಲಿಲ್ಲ. ಆ ಹುಡುಗನ ಬೆನ್ನ ಹಿಂದೆ, ಕೈಗೆಟುಕುವ ದೂರದಲ್ಲಿ ನಾರ್ಬ್ ಕುಳಿತು, ಆಟದ ಆವೇಶದಲ್ಲಿ ಒಮ್ಮೆ "ಭೇಷ್" ಎಂದುಬಿಟ್ಟರೆ? ಆ ಅರ್ಧ ತಲೆ ಪ್ರತಿ ಸಲವೂ ದೋಷ ತಡೆಯುತ್ತದೆ ಎಂದು ಹೇಳುವವರು ಯಾರು? ಹುಡುಗನ ಮನಸ್ಸು ನೋಯಬಾರದು, ಸೀಟು ಖಾಲಿ ಇರಬಾರದು. ಮೊದಲ ಆಟಕ್ಕೆ ನಾರ್ಬ್‌ನ ಕೋಟು ಹಾಕಿಕೊಂಡು ಎಮಿಲ್ ಹೋಗುವುದು, ಎರಡನೆಯದಕ್ಕೆ ಬೆವ್, ಆಮೇಲೆ ಲಿರಾಯ್ ಎಂದು ಅಲ್ಲೇ ತೀರ್ಮಾನವಾಯಿತು. ತಮಗೂ ಒಂದು ಸರದಿ ಸಿಕ್ಕರೆ ಭಾನುವಾರದ ಪೂಜೆ ಬೇಗ ಮುಗಿಸಬಹುದೆಂದು ಫಾದರ್ ಕೂಡ ಮೆಲ್ಲಗೆ ಸೂಚಿಸಿದರು. ಆಟದ ಹೊತ್ತಿನಲ್ಲಿ ನಾರ್ಬ್ ಈ ಅಂಗಳದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ, ಹಂಡೆ ಕದಡುವುದು.

ಎಲ್ಲರೂ ಅವನ ಕೈ ಕುಲುಕಿ, ಮತ್ತೆ ಮತ್ತೆ ವಂದನೆ ಹೇಳಿ, ಎರಡೆರಡು ಬಟ್ಟಲು ಬೂಯಾ ತಿಂದು ಮನೆಗೆ ಹೊರಟರು. ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ನಾರ್ಬ್ ಹಂಡೆಯ ತಳ ಕೆರೆಯುತ್ತಿದ್ದ. ಸೀಟು ಹೋಗಿತ್ತು, ಟೊಪ್ಪಿ ಹೋಗಿತ್ತು, ಕೋಟೂ ಹೋಗುವುದರಲ್ಲಿತ್ತು. ಆದರೂ ಅವನ ಮುಖದಲ್ಲಿ ಬೆಳಗಿನ ಅದೇ ನಗು ಮೂಡಿತ್ತು.

"ಅಜ್ಜಿ ಮುಂದೆ, ಊರ ಮುಂದೆ, ನನ್ನ ಹೆಸರು ಹೇಳಿದನಲ್ಲೇ," ಎಂದ. "ಡಾರ್ಲೀನ್, ಆ ಹುಡುಗ ಇದಾನಲ್ಲ, ಎಂಥಾ ಒಳ್ಳೇ..."

ಡಾರ್ಲೀನ್ ಹಂಡೆಗೆ ಸೌಟು ಹಾಕಿ, ತಳದಲ್ಲಿ ಉಳಿದಿದ್ದ ಕೊನೆಯ ಆಲೂಗಡ್ಡೆ ತೆಗೆದು ಅವನ ಬಾಯಿಗೆ ತುರುಕಿದಳು.